ಕೂದಲಿಲ್ಲದ ನಾಯಿ, ಕೂದಲುದುರಿದ ನಾಯಿ



ನಮಗೆ ಬರುವ ಪತ್ರಗಳಲ್ಲಿ ಹಸು, ಎಮ್ಮೆ, ಕೋಳಿಗಳ ವಿಚಾರವೇ ಹೆಚ್ಚು. ಆದ್ದರಿಂದ ಬಂಟ್ವಾಳ–ಮೂಡುಬಿದಿರೆ ದಾರಿಯಲ್ಲಿರುವ ಸಿದ್ಧಕಟ್ಟೆಯಿಂದ ಬಂದ ಪ್ರಶ್ನೆಯೊಂದು ನನ್ನನ್ನು ತಡೆದು ನಿಲ್ಲಿಸಿತು. ಮುಂಬಯಿಯಲ್ಲಿರುವ ಮಗಳು ರಜೆಗೆ ಬರುವಾಗ ಪುಟ್ಟ ನಾಯಿಯೊಂದನ್ನು ತಂದಿದ್ದಾಳೆ. ತಲೆಯ ಮೇಲೆ ಜುಟ್ಟು, ಬಾಲಕ್ಕೆ ಕುಚ್ಚು, ಪಾದಗಳಲ್ಲಿ ಕಾಲುಚೀಲ ತೊಟ್ಟಂತೆ ಕೂದಲು. ಉಳಿದ ಮೈಯೆಲ್ಲ ಬೋಳು. ಕಂಡವರೆಲ್ಲ ‘ಕಜ್ಜಿ ಹಿಡಿದ ನಾಯಿ, ಮಕ್ಕಳನ್ನು ಹತ್ತಿರ ಬಿಡಬೇಡಿ’ ಎನ್ನುತ್ತಿದ್ದಾರಂತೆ. ನೆರೆಯವರೊಬ್ಬರು ಮೈಗೆ ಹಚ್ಚಲು ಗ್ಯಾರೇಜಿನಿಂದ ಹಳೆಯ ಇಂಜಿನ್ ಆಯಿಲ್ ಕೂಡ ತಂದುಕೊಟ್ಟಿದ್ದಾರೆ. ಏನು ಮಾಡುವುದು?

ಮೊದಲು ಆ ಎಣ್ಣೆಯ ಡಬ್ಬಿಯನ್ನು ದೂರವಿಡಿ. ಕಾರಣ ಆಮೇಲೆ ಹೇಳುತ್ತೇನೆ.

ವರ್ಣನೆಯನ್ನು ನೋಡಿದರೆ ಇದು ಚೈನೀಸ್ ಕ್ರೆಸ್ಟೆಡ್ ಎಂಬ ತಳಿ. ಎತ್ತರ ಒಂದಡಿಯ ಆಸುಪಾಸು, ತೂಕ ನಾಲ್ಕೈದು ಕಿಲೋ. ಹುಟ್ಟುವಾಗಲೇ ಬೋಳು, ರೋಗದಿಂದಲ್ಲ, ವಂಶವಾಹಿಯಿಂದ. ಫಾಕ್ಸ್-ಐ-3 ಎಂಬ ವಂಶವಾಹಿಯಲ್ಲಿ ಏಳು ಅಕ್ಷರಗಳಷ್ಟು ಭಾಗ ಎರಡು ಸಲ ಬರೆದಂತಾಗಿರುವುದೇ ಇದರ ಮೂಲವೆಂದು 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮೆಕ್ಸಿಕೊ ಮತ್ತು ಪೆರು ದೇಶಗಳ ಬೋಳು ನಾಯಿಗಳಲ್ಲೂ ಇದೇ ವ್ಯತ್ಯಾಸವಿದೆ. ಹೆಸರಿನಲ್ಲಿ ಚೀನಾ ಇದ್ದರೂ ಇವು ಮೂರೂ ನೆಂಟರೇ.

ಈ ವಂಶವಾಹಿಯ ಸ್ವಭಾವ ವಿಚಿತ್ರ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೆ ಮರಿ ಬೋಳಾಗುತ್ತದೆ. ಇಬ್ಬರಿಂದಲೂ ಬಂದರೆ ಮರಿ ಹುಟ್ಟುವುದೇ ಇಲ್ಲ, ಗರ್ಭದಲ್ಲೇ ಸಾಯುತ್ತದೆ. ಆದ್ದರಿಂದ ಎರಡು ಬೋಳು ನಾಯಿಗಳಿಗೆ ಹುಟ್ಟಿದ ಮರಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೈತುಂಬ ರೇಷ್ಮೆಯಂಥ ಕೂದಲು ಹೊತ್ತೇ ಬರುತ್ತವೆ. ಇವಕ್ಕೆ ಪೌಡರ್‌ಪಫ್ ಎಂದು ಹೆಸರು. ಕೂದಲಿಗೆ ಕೈಯಿಟ್ಟ ವಂಶವಾಹಿ ಹಲ್ಲಿಗೂ ಕೈಯಿಡುತ್ತದೆ: ಬೋಳು ನಾಯಿಗಳಿಗೆ ಹಲವು ಹಲ್ಲುಗಳು ಇರುವುದೇ ಇಲ್ಲ, ಇದ್ದವೂ ಬೇಗ ಉದುರುತ್ತವೆ. ಕೂದಲಿಲ್ಲದ ನಾಯಿಗಳ ಹಲ್ಲು ಅಪೂರ್ಣವೆಂಬುದನ್ನು ಡಾರ್ವಿನ್ 1859ರ ತನ್ನ ಪುಸ್ತಕದಲ್ಲೇ ಗುರುತಿಸಿದ್ದ. ಆದ್ದರಿಂದ ನಿಮ್ಮ ನಾಯಿಗೆ ಎಲುಬು ಕಡಿಯಲು ಕೊಡಬೇಡಿ. ಮೆತ್ತಗಿನ ಅನ್ನ, ಬೇಯಿಸಿ ಮುಳ್ಳು ತೆಗೆದ ಮೀನು, ಕೋಳಿಮಾಂಸ ಸಾಕು.

ಮುಟ್ಟಿದರೆ ಮೈ ಬಿಸಿಯೆನಿಸೀತು. ಜ್ವರವೆಂದು ಹೆದರಬೇಡಿ. ಎಲ್ಲ ನಾಯಿಗಳ ಮೈಶಾಖವೂ ನಮಗಿಂತ ಸ್ವಲ್ಪ ಹೆಚ್ಚೇ. ಬೇರೆಯವುಗಳಲ್ಲಿ ಕೂದಲು ಅದನ್ನು ಮರೆಮಾಡುತ್ತದೆ.

ಇನ್ನು ಆರೈಕೆ. ವಿದೇಶಿ ಪುಸ್ತಕಗಳು ಚಳಿಗೆ ಸ್ವೆಟರ್ ಹಾಕಿ ಎನ್ನುತ್ತವೆ. ಸಿದ್ಧಕಟ್ಟೆಯಲ್ಲಿ ಚಳಿಗಿಂತ ಬಿಸಿಲು, ಮಳೆಗಳದ್ದೇ ಚಿಂತೆ. ಏಪ್ರಿಲ್‌ನ ನಡುಹಗಲಿನಲ್ಲಿ ಅಡಿಕೆ ಒಣಹಾಕುವ ಅಂಗಳಕ್ಕೆ ಬಿಟ್ಟರೆ ಮನುಷ್ಯರಂತೆಯೇ ಇದರ ಚರ್ಮವೂ ಸುಡುತ್ತದೆ, ತಿಳಿ ಬಣ್ಣದ್ದಾದರೆ ಇನ್ನೂ ಬೇಗ. ನೀವು ಹಚ್ಚಿಕೊಳ್ಳುವ ಬಿಸಿಲಿನ ಕ್ರೀಮು ಬೇಡ. ಅದರಲ್ಲಿರಬಹುದಾದ ಸತುವಿನ ಆಕ್ಸೈಡನ್ನು ನಾಯಿ ನೆಕ್ಕಬಾರದು. ನೆರಳೇ ಮೇಲು. ಮಳೆಗಾಲದಲ್ಲಿ ಒದ್ದೆ ಮೈಯಲ್ಲಿ ಮಲಗಲು ಬಿಡದೆ ಒರೆಸಿ, ಒಣಗಿದ ಗೋಣಿಯ ಮೇಲೆ ಹಳೆಯ ಹತ್ತಿ ಸೀರೆ ಹಾಸಿ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ದಿನ ತೋಟಕ್ಕೆ ಕರೆದೊಯ್ಯಲೇಬೇಡಿ. ಮೈಲುತುತ್ತು, ಸುಣ್ಣದ ಹನಿ ನೇರವಾಗಿ ಚರ್ಮಕ್ಕೇ ಬೀಳುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಸೌಮ್ಯ ಶಾಂಪೂವಿನ ಸ್ನಾನ ಸಾಕು. ತೆಂಗಿನೆಣ್ಣೆ ಸುರಿದು ತಿಕ್ಕುವುದು ನಮ್ಮವರ ಪ್ರೀತಿಯ ರೀತಿ. ಆದರೆ ಇದರ ಚರ್ಮದ ರಂಧ್ರಗಳು ಕಟ್ಟಿಕೊಂಡು ಹರೆಯದ ಹುಡುಗರಂತೆ ಮೊಡವೆ ಏಳುತ್ತದೆ. ಒಂದು ಅನುಕೂಲವೂ ಉಂಟು: ಉಣುಗು ಕಚ್ಚಿದರೆ ಮೈಯಲ್ಲಿ ಹುಡುಕಬೇಕಿಲ್ಲ.

ಈಗ ಕಜ್ಜಿಯ ಮಾತು. ರಸ್ತೆಬದಿಯಲ್ಲಿ ಕಾಣುವ, ಎಲ್ಲರೂ ಕಲ್ಲೆಸೆಯುವ ಬೋಳು ನಾಯಿಗೆ ಹೆಚ್ಚಾಗಿ ಹಿಡಿದಿರುವುದು ನುಸಿ. ತೆಂಗಿನ ನುಸಿಪೀಡೆ ಕಂಡ ಊರಿನವರಿಗೆ ನುಸಿಯೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಇದು ಅದೇ ಬಳಗದ ಬೇರೊಂದು ಜೀವಿ, ಚರ್ಮ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಕಿವಿಯ ಅಂಚು, ಮೊಣಕೈಗಳಲ್ಲಿ ಶುರುವಾಗಿ ಹರಡುತ್ತದೆ. ನಾಯಿ ಹಗಲಿರುಳು ಕೆರೆಯುತ್ತದೆ, ಚರ್ಮ ದಪ್ಪಗಾಗಿ ಹೊಪ್ಪಳೆ ಕಟ್ಟುತ್ತದೆ, ವಾಸನೆ ಬರುತ್ತದೆ. ಚೈನೀಸ್ ಕ್ರೆಸ್ಟೆಡ್‌ನ ಚರ್ಮ ಹಾಗಲ್ಲ. ನುಣುಪು, ಮೃದು, ಕೆರೆತವಿಲ್ಲ. ವ್ಯತ್ಯಾಸ ತಿಳಿಯಲು ಅಂಗೈ ಸಾಕು.

ಇಂಜಿನ್ ಆಯಿಲ್ ಹಚ್ಚಿದರೆ ಕೆಲವು ನುಸಿಗಳು ಉಸಿರುಗಟ್ಟಿ ಸಾಯಬಹುದು, ಅದಕ್ಕೇ ಜನರಿಗೆ ನಂಬಿಕೆ. ಆದರೆ ನಾಯಿ ಮೈ ನೆಕ್ಕದೆ ಇರುವುದಿಲ್ಲ. ಬಳಸಿದ ಎಣ್ಣೆಯ ವಿಷವಸ್ತುಗಳು, ಲೋಹದ ಕಣಗಳು ಹೊಟ್ಟೆಗೆ ಹೋಗುತ್ತವೆ. ಹುಣ್ಣಾದ ಚರ್ಮವೂ ಹೀರಿಕೊಳ್ಳುತ್ತದೆ. ಕಜ್ಜಿಯಿಂದ ಸಾಯದ ನಾಯಿ ಔಷಧಿಯಿಂದ ಸಾಯುವುದೆಂದರೆ ಇದೇ. ಸೀಮೆಎಣ್ಣೆಯೂ ಅಷ್ಟೇ ಕೆಟ್ಟದ್ದು.

ಪಶುವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ನುಸಿಯೆಂದು ಹೇಳಬಲ್ಲರು. ಚುಚ್ಚುಮದ್ದು ಹಿಂದಿನಿಂದಲೂ ಇದೆ; ಈಗ ನುಂಗಿಸುವ ಪರಿಣಾಮಕಾರಿ ಮಾತ್ರೆಗಳೂ ಬಂದಿವೆ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಎರಡು ಮೂರು ವಾರ ಬೇಕು. ಹಾಗಾಗಿ ಕೆರೆತ ನಿಂತಿತೆಂದು ಚಿಕಿತ್ಸೆಯನ್ನು ನಡುವೆ ಬಿಡಬೇಡಿ. ಮನೆಯಲ್ಲಿ ನಾಲ್ಕು ನಾಯಿಗಳಿದ್ದರೆ ನಾಲ್ಕಕ್ಕೂ ಒಟ್ಟಿಗೇ ಮದ್ದು ಬೇಕು. ಹಾಸಿದ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಈ ನುಸಿ ಮನುಷ್ಯರ ಮೈಮೇಲೂ ಬಂದು ಕೆಲವು ದಿನ ತುರಿಸಬಹುದು, ಆದರೆ ಅಲ್ಲಿ ನೆಲೆಯೂರದು; ನಾಯಿ ಗುಣವಾದರೆ ಅದೂ ಹೋಗುತ್ತದೆ. ತುರಿಕೆ ಉಳಿದರೆ ನೀವೂ ವೈದ್ಯರಿಗೆ ತೋರಿಸಿ.

ಸಿದ್ಧಕಟ್ಟೆಯ ಮನೆಯವರಿಗೆ ಒಂದು ಮಾತು: ಮಗಳ ನಾಯಿಯನ್ನು ಸಮೀಪದ ಪಶು ಆಸ್ಪತ್ರೆಗೆ ಒಮ್ಮೆ ಒಯ್ದು, ಹುಚ್ಚುನಾಯಿ ರೋಗದ ಲಸಿಕೆಯ ಜೊತೆಗೆ ಇಲಿಜ್ವರದ ಲಸಿಕೆಯ ಬಗ್ಗೆಯೂ ಕೇಳಿ. ಮಕ್ಕಳು ಅದರೊಡನೆ ಆಡಿಕೊಂಡಿರಲಿ. ನೆರೆಯವರಿಗೆ ಅವರ ಡಬ್ಬಿಯನ್ನು ವಾಪಸು ಕೊಡುವಾಗ, ಅವರ ಅಂಗಳದಲ್ಲಿ ಕೆರೆದುಕೊಳ್ಳುವ ನಾಯಿಯೇನಾದರೂ ಇದ್ದರೆ ಅದನ್ನೂ ಜೊತೆಗೆ ಕರೆದೊಯ್ಯುವಂತೆ ಹೇಳಿ.