ಆಟದ ನಂತರವೂ ಕ್ಲಬ್ಬಿನಲ್ಲಿ ಕೆಲಸವಿದೆ



ಫುಟ್‌ಬಾಲಿಗಾಗಿ ಪಿಯುಸಿ ಬಿಡುತ್ತೇನೆ ಎನ್ನುವ ಹುಡುಗರು ಈ ಸಭೆಯಲ್ಲೂ ಇದ್ದೀರಿ. ಆಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ಆದರೆ ಆಟಗಾರನ ವೃತ್ತಿ ಸಾಮಾನ್ಯವಾಗಿ ಮೂವತ್ತೈದರ ಆಸುಪಾಸಿನಲ್ಲೇ ಮುಗಿಯುತ್ತದೆ. ಸರ್ಕಾರಿ ಗುಮಾಸ್ತರಿಗೆ ಇನ್ನೂ ಇಪ್ಪತ್ತೈದು ವರ್ಷ ಸೇವೆ ಉಳಿದಿರುವ ವಯಸ್ಸದು. ಆಮೇಲೇನು?

ಕೋಚ್ ಆಗಬಹುದು ಎನ್ನುತ್ತೀರಿ. ಕ್ಲಬ್ಬಿಗೊಂದು ಆಡಳಿತ ಕಚೇರಿಯೂ ಇರುತ್ತದೆ. ಹೊಸ ಆಟಗಾರರನ್ನು ಹುಡುಕುವುದು, ಒಪ್ಪಂದ, ಪ್ರಾಯೋಜಕರು, ಟಿಕೆಟ್, ಲೆಕ್ಕಪತ್ರ ಎಲ್ಲವೂ ಅಲ್ಲಿಯೇ.

ಹಾಲೆಂಡಿನ ಗೋಲ್‌ಕೀಪರ್ ಎಡ್ವಿನ್ ವಾನ್ ಡರ್ ಸಾರ್ ಅವರನ್ನೇ ನೋಡಿ. 2008ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅನೆಲ್ಕಾ ಒದ್ದ ಪೆನಾಲ್ಟಿಯನ್ನು ತಡೆದು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕಪ್ ಗೆಲ್ಲಿಸಿದವರು. 2011ರಲ್ಲಿ, 40ನೇ ವಯಸ್ಸಿನಲ್ಲಿ ನಿವೃತ್ತರಾದರು. ಅಷ್ಟು ಹೆಸರು, ಹಣ ಇದ್ದವರು ಮತ್ತೆ ವಿದ್ಯಾರ್ಥಿಯಾಗಿ ಕ್ರೀಡಾ ಆಡಳಿತ ಓದಿದರು! ಓದಿದ್ದು, ಕ್ರೀಡಾಪಟುಗಳಿಗೆಂದೇ 1999ರಲ್ಲಿ ಯೋಹಾನ್ ಕ್ರೈಫ್ ಹೆಸರಿನಲ್ಲಿ ಆರಂಭವಾದ ಸಂಸ್ಥೆಯಲ್ಲಿ. ತಾವು ಮೊದಲು ಆಡಿದ ಅಯಾಕ್ಸ್ ಕ್ಲಬ್ಬಿಗೆ 2012ರಲ್ಲಿ ಮರಳಿದಾಗ ನೇರವಾಗಿ ದೊಡ್ಡ ಕುರ್ಚಿ ಸಿಗಲಿಲ್ಲ. ಮಾರುಕಟ್ಟೆ ವಿಭಾಗ ನೋಡಿಕೊಂಡರು. ಮುಖ್ಯಾಧಿಕಾರಿಯಾದದ್ದು 2016ರಲ್ಲಿ. 2019ರಲ್ಲಿ ತಂಡ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿತು. ತಂಡ ಮೂರನೇ ಸ್ಥಾನಕ್ಕೆ ಜಾರಿದ 2023ರಲ್ಲಿ ರಾಜೀನಾಮೆ ಕೊಟ್ಟರು. ಕಚೇರಿಯಲ್ಲೂ ಸೋಲು ಗೆಲುವು ಇದ್ದದ್ದೇ.

ಅಂಥ ಆಟಗಾರನಿಗೇ ಓದು ಬೇಕಾಯಿತು. ಜಿಲ್ಲಾ ತಂಡದಲ್ಲಿ ಆಡುವ ನಮ್ಮ ಹುಡುಗರ ಮಾತೇನು? ಈ ವರ್ಷ ಪರೀಕ್ಷಾ ಶುಲ್ಕ ಕಟ್ಟದೆ ಬಿಟ್ಟವರು ಯಾರಾದರೂ ಇದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿರಿ.