ಸರ್ವಾಧಿಕಾರದಲ್ಲಿ ಸರ್ಕಾರ ಹೇಗಿರುತ್ತದೆ?



ಸರ್ವಾಧಿಕಾರವೆಂದರೆ ಸಂಸತ್ತು, ನ್ಯಾಯಾಲಯ, ಪತ್ರಿಕೆ ಯಾವುದೂ ಇಲ್ಲದ ಆಡಳಿತವೆಂದು ಶಕ್ತಿನಗರದ ಶಾಲಾ ಬಾಲಕನೊಬ್ಬ ನನಗೆ ಹೇಳಿದ. ಆದರೆ ಹಿಟ್ಲರನ ಜರ್ಮನಿಯಲ್ಲೂ ಸಂಸತ್ತಿತ್ತು. ಅವನನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ.

ಅದರ ನೆರಳು ನಮ್ಮ ಮೇಲೂ ಬಿದ್ದಿತ್ತು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ. ಅಂದೇ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿಯವರ ಬಂಧನವಾಯಿತು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಬಂಧಿತರು ಬಿಡುಗಡೆ ಕೋರಿ ಹೈಕೋರ್ಟಿಗೆ ಹೋಗುವಂತಿಲ್ಲವೆಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಐವರಲ್ಲಿ ಒಪ್ಪದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ.

1977ರಲ್ಲಿ ಮತದಾರರು ಸರ್ಕಾರವನ್ನು ಬದಲಿಸಿದರು. ಸಂಪುಟದ ಲಿಖಿತ ತೀರ್ಮಾನವಿಲ್ಲದೆ ತುರ್ತು ಪರಿಸ್ಥಿತಿ ಘೋಷಿಸಕೂಡದೆಂದು 1978ರ 44ನೆಯ ತಿದ್ದುಪಡಿ ವಿಧಿಸಿತು.

ಯಾವ ಸರ್ಕಾರವನ್ನು ನೋಡಿದರೂ ಕೇಳಿಕೊಳ್ಳಿ: ಇಲ್ಲಿ ‘ಆಗದು’ ಎನ್ನಬಲ್ಲವರು ಯಾರು?