ಎಬ್ಬಿಸಿ ನಡೆಸುವ ಆರೈಕೆ

ಪುನರ್ವಸತಿ ಎಂಬ ಮಾತು ಕಿವಿಗೆ ಬಿದ್ದೊಡನೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳ್ಳಿಗಳು, ಹೊಸ ನೆಲ ಅರಸಿ ಹೊರಟ ಸಂಸಾರಗಳು ನಮ್ಮ ನೆನಪಿಗೆ ಬರುತ್ತವೆ. ದೇಹಕ್ಕೂ ಅಂಥ ಮುಳುಗಡೆಯುಂಟು. ಪಾರ್ಶ್ವವಾಯು ಬಡಿದವರು, ತೊಡೆಯ ಮೂಳೆ ಮುರಿದವರು, ಬಹುಕಾಲ ಹಾಸಿಗೆ ಹಿಡಿದವರು ತಮ್ಮದೇ ಕೈಕಾಲುಗಳಿಂದ ಒಕ್ಕಲೆದ್ದವರು. ಅವರನ್ನು ಮತ್ತೆ ಅವರ ದೇಹದಲ್ಲಿ ನೆಲೆಗೊಳಿಸುವ ಪ್ರಯತ್ನವೇ ಪುನಶ್ಚೇತನ ಚಿಕಿತ್ಸೆ. ಇದು ನಮ್ಮ ಶುಶ್ರೂಷಾಲಯಗಳ, ವೃದ್ಧಾಶ್ರಮಗಳ ದಿನಚರಿಯೊಳಗೆ ಹೇಗೆ ಬಂದೀತೆಂಬುದು ಈ ಹೊತ್ತಿನ ವಿಚಾರ.

ಕಲಬುರಗಿಯ ಅಂಚಿನ ಕುಸನೂರನ್ನೇ ನೋಡಿ. ಈ ಹಳ್ಳಿಯ ಬಾಗಿಲಿಗೆ ಈಗ ನಗರವೇ ಬಂದು ನಿಂತಿದೆ. ಇಂಥ ಊರುಗಳ ಮಕ್ಕಳು ದುಡಿಮೆಗಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ, ತಾಯಿತಂದೆಗಳು ಉಳಿಯುತ್ತಾರೆ. ಹಿಂದೆ ಮನೆಯೇ ಶುಶ್ರೂಷಾಲಯ, ಸೊಸೆಯೇ ದಾದಿ. ಆ ಭಾರ ಮೆಲ್ಲಮೆಲ್ಲನೆ ಸಂಸ್ಥೆಗಳ ಹೆಗಲೇರುತ್ತಿದೆ. ಆದರೆ ಆರೈಕೆಯ ಕಲ್ಪನೆ ಮಾತ್ರ ಬದಲಾಗಿಲ್ಲ. ಶುಭ್ರವಾದ ಹಾಸಿಗೆ, ಹೊತ್ತಿಗೆ ಅನ್ನ, ಹೊತ್ತಿಗೆ ಮಾತ್ರೆ ದೊರೆತರೆ ಸೇವೆ ಸಂದಿತೆಂದೇ ನಮ್ಮ ಭಾವನೆ. ಮುದುಕಿ ಏಳಹೊರಟರೆ, "ಏಳಬ್ಯಾಡ ಯವ್ವಾ, ನಾ ಮಾಡ್ತೀನಿ" ಎನ್ನುತ್ತೇವೆ. ಆ ಮಾತಿನ ಅಂತಃಕರಣ ದೊಡ್ಡದು. ಅದರಿಂದಾಗುವ ಹಾನಿಯೂ ಸಣ್ಣದಲ್ಲ.

2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರೋಗ್ಯವಂತರಾದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿಯೇ ಇರಿಸಲಾಯಿತು. ಅಷ್ಟರಲ್ಲಿಯೇ ಅವರ ಕಾಲುಗಳ ಮಾಂಸಭಾಗ ಸುಮಾರು ಒಂದು ಕಿಲೋದಷ್ಟು ಕರಗಿತು. ಆರೋಗ್ಯವಂತರ ಗತಿಯೇ ಹೀಗಾದರೆ ರೋಗಿಗಳ ಪಾಡೇನು? ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವುಂಟು. ಬಾಸ್ಟನ್ನಿನ ಶುಶ್ರೂಷಾಲಯವೊಂದರ 100 ಮಂದಿ ವೃದ್ಧರ ಮೇಲೆ ನಡೆದ ಪ್ರಯೋಗದ ವರದಿ 1994ರಲ್ಲಿ ಹೊರಬಂತು. ಅವರ ಸರಾಸರಿ ವಯಸ್ಸು 87. ಒಂದು ಗುಂಪಿನವರು ವಾರಕ್ಕೆ ಮೂರು ದಿನದಂತೆ 10 ವಾರ, ತೊಡೆ-ಮೊಣಕಾಲುಗಳಿಗೆ ಬಲ ಬರುವಂತೆ ಸಾಕಷ್ಟು ಭಾರದೊಂದಿಗೆ ಕಠಿಣ ವ್ಯಾಯಾಮ ಮಾಡಿದರು. ಅವರ ಸ್ನಾಯುಬಲ ಇಮ್ಮಡಿಗಿಂತ ಹೆಚ್ಚಾಯಿತು, ನಡಿಗೆ ಚುರುಕಾಯಿತು. ಪೌಷ್ಟಿಕ ಪಾನೀಯವನ್ನಷ್ಟೇ ಕುಡಿದವರಿಗೆ ಈ ಲಾಭ ದೊರೆಯಲಿಲ್ಲ. ಉಣಿಸುವುದರಿಂದಷ್ಟೇ ಬಲ ಬಾರದು. ದುಡಿಸಿದರೆ ಮಾತ್ರ ಬರುತ್ತದೆ.

ಹಾಗಾದರೆ ಬಂಧುಗಳಿಗೆ ನಾಲ್ಕು ವ್ಯಾಯಾಮ ಕಲಿಸಿ ಕಳುಹಿಸಿದರೆ ಸಾಲದೇ? ಇದನ್ನು ನಮ್ಮ ದೇಶವೇ ಪರೀಕ್ಷಿಸಿದೆ. ಭಾರತದ 14 ಆಸ್ಪತ್ರೆಗಳಲ್ಲಿ ಪಾರ್ಶ್ವವಾಯು ಪೀಡಿತರಾದ 1,250 ಮಂದಿಯ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಬಂಧುಗಳು ಮನೆಯಲ್ಲಿ ಶುಶ್ರೂಷೆ ನಡೆಸಿದರೂ, ಆರು ತಿಂಗಳ ಬಳಿಕ ಸಾವು ಅಥವಾ ಪರಾಧೀನತೆಯ ಪ್ರಮಾಣ ಎರಡೂ ಗುಂಪುಗಳಲ್ಲಿ ಸಮನಾಗಿಯೇ ಇತ್ತು. ಪ್ರೀತಿ ಸೋತಿತೆಂದು ಇದರ ಅರ್ಥವಲ್ಲ. ಅನುಭವಿ ಕೈಗಳ ಹೊಣೆಯನ್ನು ಪ್ರೀತಿಯ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲವೆಂದು ನಾನು ತಿಳಿಯುತ್ತೇನೆ. ತೀವ್ರತೆಗೂ ಹದವುಂಟು. ಪಾರ್ಶ್ವವಾಯು ಬಡಿದ 24 ಗಂಟೆಯೊಳಗೇ ರೋಗಿಯನ್ನು ಎಬ್ಬಿಸಿ ಹೆಚ್ಚು ಹೊತ್ತು ನಡೆಸಿದರೆ ಒಳಿತಿಗಿಂತ ಕೆಡುಕೇ ಹೆಚ್ಚೆಂಬುದನ್ನು 2015ರ ಬಹುರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಕಾಲವನ್ನೂ ಅಳತೆಯನ್ನೂ ಗೊತ್ತುಮಾಡಲು ವೈದ್ಯರೂ ಫಿಜಿಯೋಥೆರಪಿಸ್ಟರೂ ಬೇಕು.

ಆದರೆ ಫಿಜಿಯೋಥೆರಪಿಸ್ಟರು ಬಂದು ಹೋಗುವುದು ಅರ್ಧ ಗಂಟೆ. ಉಳಿದ ದಿನವೆಲ್ಲ ಆಯಾಗಳದು, ದಾದಿಯರದು. ಚಿಕಿತ್ಸೆ ನೆಲೆನಿಲ್ಲಬೇಕಾದದ್ದು ಆ ಉಳಿದ ಹೊತ್ತಿನಲ್ಲಿ. ಅದಕ್ಕೆ ಬೆಲೆಬಾಳುವ ಯಂತ್ರಗಳೇ ಬೇಕೆಂದಿಲ್ಲ. ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂಡುವುದೂ ಸಾಧನೆಯೇ. ಜೀವಮಾನವಿಡೀ ಜೋಳದ ರೊಟ್ಟಿ ಬಡಿದ ತಾಯಿಗೆ ಹಿಟ್ಟಿನ ಉಂಡೆಗಿಂತ ಒಳ್ಳೆಯ ಉಪಕರಣವೆಲ್ಲಿ? ತೊಗರಿಬೇಳೆ ಆರಿಸಲಿ, ಕಮಲಾಪುರದ ಕೆಂಪು ಬಾಳೆಯ ಸಿಪ್ಪೆಯನ್ನು ಸೋತ ಕೈಯಿಂದಲೇ ಸುಲಿಯಲಿ. ನಮ್ಮ ಬಿಸಿಲುಸೀಮೆಯ ಬೇಸಗೆಯಲ್ಲಿ ನಡಿಗೆ ಬೆಳಗಿನ ತಂಪಿನಲ್ಲಿಯೇ ಮುಗಿಯಲಿ. ರಕ್ತದೊತ್ತಡ ಬರೆಯುವ ಹಾಳೆಯಲ್ಲಿಯೇ ಇಂದು ಎಷ್ಟು ಸಲ ಎದ್ದರು, ಎಷ್ಟು ಹೆಜ್ಜೆ ಇಟ್ಟರು ಎಂಬುದೂ ದಾಖಲಾಗಲಿ. ವಾರ ವಾರಕ್ಕೆ ಆ ಲೆಕ್ಕ ತುಸುವಾದರೂ ಏರಲಿ. ಏರದಿದ್ದರೆ ಅದು ಕಾಲಕ್ಷೇಪವೇ ಹೊರತು ಚಿಕಿತ್ಸೆಯಲ್ಲ.

ಇಲ್ಲಿ ನಿಜವಾಗಿ ತೆರಬೇಕಾದ ಬೆಲೆ ಸಮಯ. ತುತ್ತು ಬಾಯಿಗಿಟ್ಟರೆ ಊಟ ಹತ್ತು ನಿಮಿಷದಲ್ಲಿ ಮುಗಿದೀತು. ಅವರೇ ಉಣ್ಣುವಂತೆ ಕಾದರೆ ಅರ್ಧ ಗಂಟೆ ಬೇಕು. ಒಬ್ಬಳೇ ಆಯಾ ಹತ್ತು ಹಲವು ಹಾಸಿಗೆಗಳ ನಡುವೆ ಓಡಾಡುವಲ್ಲಿ ಈ ತಾಳ್ಮೆ ಎಲ್ಲಿಂದ ಬರಬೇಕು? ಆಕೆಗೆ ತರಬೇತಿ, ಜೊತೆಗೊಬ್ಬ ಸಂಗಾತಿ, ತಕ್ಕ ಸಂಬಳ ಮೂರೂ ಸಿಗಬೇಕು. ಬಿದ್ದಾರೆಂಬ ಅಂಜಿಕೆಯೂ ಸಹಜವೇ. ಆದರೆ ಕಾಲಿನ ಬಲ ಕುಂದಿದಷ್ಟೂ ಬೀಳುವ ಭಯ ಬೆಳೆಯುತ್ತದೆ. ಕೇಂದ್ರ ಸರ್ಕಾರ 2010ರಲ್ಲಿ ಆರಂಭಿಸಿದ ಹಿರಿಯರ ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ 10 ಹಾಸಿಗೆಗಳ ವೃದ್ಧರ ವಾರ್ಡನ್ನೂ ಫಿಜಿಯೋಥೆರಪಿಯನ್ನೂ ಕಲ್ಪಿಸಿತು. ಆ ಕಲ್ಪನೆ ವಾರ್ಡಿನಿಂದ ಹೊರಟು ಊರೂರಿನ ವೃದ್ಧಾಶ್ರಮದ ಪಡಸಾಲೆಯನ್ನು ಮುಟ್ಟಬೇಕು.

ಕಲಬುರಗಿ ಶರಣಬಸವೇಶ್ವರರ ನೆಲ. ಕಾಯಕ, ದಾಸೋಹ ಎಂಬ ಎರಡು ಮಾತು ಇಲ್ಲಿಯ ಮಕ್ಕಳಿಗೂ ಗೊತ್ತು. ನಮ್ಮ ಹಿರಿಯರಿಗೆ ನಾವು ದಾಸೋಹವನ್ನೇನೋ ಕೊಡುತ್ತಿದ್ದೇವೆ. ಅವರ ಕಾಯಕವನ್ನು ಮಾತ್ರ ಕಸಿದುಕೊಂಡಿದ್ದೇವೆ. ಮುಂದಿನ ಸಲ ವೃದ್ಧಾಶ್ರಮದಲ್ಲಿರುವ ನಿಮ್ಮವರನ್ನು ಕಾಣಲು ಹೋದಾಗ, ಅವರು ಉಂಡರೇ ಎಂದು ಕೇಳಿರಿ. ಅದರೊಡನೆ, ಇಂದು ಎಷ್ಟು ಹೆಜ್ಜೆ ನಡೆದರು ಎಂದೂ ಕೇಳಿರಿ.